ಬೀಳುವುದನ್ನು ಕಲಿಯುತ್ತಿದ್ದವನು

“ನೀವು ಯಾಕೆ ಹಾರುತ್ತೀರಿ?” ಎಂಬ ಒಂದೇ ಪ್ರಶ್ನೆ ಹಿಡಿದುಕೊಂಡು ನಾನು ಎರಡು ವರ್ಷ, ಭಾನುವಾರ ಬೆಳಗಾದರೆ, ಮಂಗಳೂರಿನ ಜೆಪ್ಪುವಿನ ಒಂದು ಮುಚ್ಚಿದ ಹಂಚಿನ ಕಾರ್ಖಾನೆಯ ಅಂಗಳದಲ್ಲಿ ಕೂತಿದ್ದೇನೆ. ಆಗ ನನಗೆ ನಲವತ್ತಮೂರು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವಳು. ಬಸ್ಸು ಪೂರ್ತಿ ನಿಲ್ಲದೆ ಕೆಳಗೆ ಕಾಲಿಟ್ಟವಳಲ್ಲ. ಮನೆಯ ತಾರಸಿಗೆ ಬಟ್ಟೆ ಒಣಗಿಸಲು ಹೋದರೂ ಅಂಚಿನಿಂದ ಮೂರಡಿ ದೂರ ನಿಲ್ಲುವವಳು. ಅಂಥವಳು ಗೋಡೆ ಹಾರುವವರ ಮೇಲೆ ಪಿಎಚ್.ಡಿ. ಮಾಡುತ್ತೇನೆಂದಾಗ ಅಮ್ಮ ಓದುತ್ತಿದ್ದ ಪೇಪರನ್ನು ಕೆಳಗಿಟ್ಟು, “ಈ ಪ್ರಾಯೊಡು ನಿಕ್ಕ್ ಉಂದು ಬೋಡಾ?” ಎಂದಳು. ಈ ವಯಸ್ಸಿನಲ್ಲಿ ನಿನಗೆ ಇದು ಬೇಕಾ ಎಂದು. ಆಮೇಲೆ ಮತ್ತೆ ಪೇಪರು ಎತ್ತಿಕೊಂಡಳು.

ವಿಷಯ ಸಿಕ್ಕಿದ್ದು ಬಸ್‌ಸ್ಟಾಪಿಗೆ ಹೋಗುವ ದಾರಿಯಲ್ಲಿ. ಕಾರ್ಖಾನೆಯ ಮುರಕಲ್ಲಿನ ಗೋಡೆಯ ಮೇಲೆ ಒಂದು ತಲೆ ಕಾಣಿಸುತ್ತಿತ್ತು, ಮಾಯವಾಗುತ್ತಿತ್ತು, ಮತ್ತೆ ಹತ್ತಡಿ ಆಚೆ ಇನ್ನೊಂದು ತಲೆ ಏಳುತ್ತಿತ್ತು. ಒಂದು ದಿನ ಗೇಟಿನ ಸಂದಿಯಲ್ಲಿ ಇಣುಕಿದೆ. ಹತ್ತು ಹದಿನೈದು ಜನ ಹುಡುಗರು, ಮೂವರು ಹುಡುಗಿಯರು, ಒಡೆದ ಹಂಚಿನ ರಾಶಿಯ ನಡುವೆ ಓಡುತ್ತ, ಕಟ್ಟೆ ಹಾರುತ್ತ, ಕಂಬಿಗೆ ಜೋತುಬಿದ್ದು ಆಚೆ ಇಳಿಯುತ್ತ ಇದ್ದರು. ಇದಕ್ಕೆ ಪಾರ್ಕೂರ್ ಎನ್ನುತ್ತಾರೆ ಎಂದು ಅವರಲ್ಲೊಬ್ಬಳು ಹೇಳಿದಳು. ದಾರಿಯಲ್ಲಿ ಏನೇ ಅಡ್ಡ ಬಂದರೂ ಸುತ್ತು ಹಾಕದೆ, ಕೈಕಾಲು ನಂಬಿ ದಾಟಿ ಹೋಗುವುದು. ನನ್ನ ಮಾರ್ಗದರ್ಶಕರು ಇದನ್ನು ಕೇಳಿ ಕನ್ನಡಕ ತೆಗೆದು ಒರೆಸಿ, “ಮಂಗಳೂರಿನಲ್ಲಿ ಸುತ್ತು ಹಾಕದೆ ಹೋಗುವವರು ಉಂಟಾ? ಹಾಗಾದ್ರೆ ಬರೀರಿ” ಎಂದರು.

ಉತ್ತರಗಳು ಮೊದಮೊದಲು ನನಗೆ ರೇಗುವ ಹಾಗೆ ಬಂದವು. “ಸುಮ್ಮನೆ ಮೇಡಂ.” “ರೀಲ್ಸ್ ಹಾಕ್ಲಿಕ್ಕೆ.” “ಎಂತದು ಯಾಕೆ ಅಂದ್ರೆ? ಗೋಡೆ ಉಂಟಲ್ಲ!” ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ, ಆರು ದಿನ ಕೂತು ಕೂತು ಕಾಲು ತನ್ನದಲ್ಲ ಅನ್ನಿಸುತ್ತದೆ, ಏಳನೆಯ ದಿನ ಅದನ್ನು ವಾಪಸ್ ಪಡೆಯಲು ಬರುತ್ತೇನೆ ಎಂದ. ನರ್ಸಿಂಗ್ ಓದುವ ಹುಡುಗಿಯೊಬ್ಬಳು, ರಸ್ತೆಯಲ್ಲಿ ನಡೆಯುವಾಗ ಎಲ್ಲರೂ ನನ್ನನ್ನು ನೋಡ್ತಾರೆ, ಇಲ್ಲಿ ನಾನು ಗೋಡೆಯನ್ನು ನೋಡ್ತೇನೆ, ಅಷ್ಟೇ ಎಂದಳು. ಆ ಮಾತಿನ ರೆಕಾರ್ಡನ್ನು ನಾನು ಮನೆಗೆ ಬಂದು ಮೂರು ಸಲ ಕೇಳಿದೆ. ಪ್ರಶ್ನೆ ಕೇಳಿ ಸುಮ್ಮನೆ ಕೂತರೆ ಜನ ಎರಡನೆಯ ಉತ್ತರ ಕೊಡುತ್ತಾರೆ, ಅದೇ ನಿಜವಾದದ್ದು ಎಂದು ಆ ಅಂಗಳದಲ್ಲಿ ಕಲಿತೆ.

ನನ್ನ ಕೆಲಸದ ರೀತಿಯ ಬಗ್ಗೆ ನನಗೆ ಬಹಳ ಜಂಬ ಇತ್ತು. ಮಾತು ಶುರುವಾಗುವ ಮೊದಲೇ ಒಂದು ಹಾಳೆ ಓದಿ ಹೇಳುತ್ತಿದ್ದೆ. ನಿಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ, ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಇಲ್ಲಿ ಸಹಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಬಂದು ಬರೆದಿಟ್ಟು, ಹೆಸರಿದ್ದ ಕಡೆಯಲ್ಲೆಲ್ಲ ಒಂದು ಅಕ್ಷರ, ಒಂದು ಅಂಕಿ ಹಾಕುತ್ತಿದ್ದೆ. ಹೆಸರು ತೆಗೆದರೆ ಮನುಷ್ಯ ಸುರಕ್ಷಿತ ಎಂದು ಪುಸ್ತಕಗಳಲ್ಲಿ ಓದಿದ್ದೆ, ಮಕ್ಕಳಿಗೂ ಹಾಗೇ ಪಾಠ ಮಾಡಿದ್ದೆ. ಆ ಪುಸ್ತಕಗಳನ್ನು ಬರೆದವರು ಮಂಗಳೂರಿನಲ್ಲಿ ಒಂದು ದಿನವಾದರೂ ಬದುಕಿದವರಲ್ಲ.

ಒಂಬತ್ತನೆಯವನಾಗಿ ಮಾತಿಗೆ ಸಿಕ್ಕಿದವನು ಕುದ್ರೋಳಿಯ ಒಬ್ಬ ಬ್ಯಾರಿ ಮುಸ್ಲಿಂ ಯುವಕ. ಇಪ್ಪತ್ತೇಳರ ಪ್ರಾಯ. ತಂದೆಯ ಬಳೆ ಅಂಗಡಿಯಲ್ಲಿ ಕೂರುತ್ತಿದ್ದ. ಅವನು ನನ್ನ ಕಣ್ಣಿಗೆ ಬಿದ್ದದ್ದೇ ಉಳಿದವರ ಹಾಗೆ ಹಾರದೆ ಇದ್ದದ್ದಕ್ಕೆ. ಉಳಿದವರೆಲ್ಲ ಮೇಲೆ ಹತ್ತುವ ಹುರುಪಿನಲ್ಲಿದ್ದರೆ ಇವನು ಸೊಂಟದೆತ್ತರದ ಕಟ್ಟೆ ಏರುತ್ತಿದ್ದ, ಇಳಿಯುತ್ತಿದ್ದ. ಇಳಿದವನೇ ಭುಜ ಒಳಗೆ ತಿರುಗಿಸಿ ನೆಲದಲ್ಲಿ ಉರುಳಿ ಎದ್ದು ನಿಲ್ಲುತ್ತಿದ್ದ. ರೋಲ್ ಎನ್ನುತ್ತಾರೆ ಅದಕ್ಕೆ. ಬಿದ್ದ ಪೆಟ್ಟು ಒಂದೇ ಕಡೆ ತಾಗದೆ ಬೆನ್ನ ಮೇಲೆ ಓರೆಯಾಗಿ ಹರಿದು ಹೋಗಲಿ ಎಂದು. ಉಳಿದವರು ಅದನ್ನು ಮೊದಲ ತಿಂಗಳು ಕಲಿತು ಮರೆತುಬಿಟ್ಟಿದ್ದರು. ಇವನು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಮೊದಲು ಮರಳಿನ ಮೇಲೆ, ಆಮೇಲೆ ಮಣ್ಣಿನ ಮೇಲೆ, ಆಮೇಲೆ ಬರಿಯ ಸಿಮೆಂಟಿನ ಮೇಲೆ. ಜೊತೆಯವರು ತಮಾಷೆ ಮಾಡುತ್ತಿದ್ದರು. ಅವನು ನಕ್ಕು ಬಟ್ಟೆ ಕೊಡವಿಕೊಂಡು ಮತ್ತೆ ಕಟ್ಟೆ ಹತ್ತುತ್ತಿದ್ದ.

ಅಭ್ಯಾಸ ಮುಗಿದ ಮೇಲೆ, ಹಂಚು ಒಣಗಿಸುತ್ತಿದ್ದ ಹಳೆಯ ಕೊಟ್ಟಿಗೆಯ ನೆರಳಿನಲ್ಲಿ ಕೂತು ಕೇಳಿದೆ.

“ನೀವು ಯಾಕೆ ಹಾರ್ತೀರಿ?”

“ನಾನು ಎಲ್ಲಿ ಹಾರ್ತೇನೆ ಮೇಡಂ? ನೀವು ನೋಡ್ತಾ ಇದ್ದೀರಲ್ಲ. ನಾನು ಬೀಳ್ತೇನೆ.”

“ಸರಿ ಮಾರಾಯ್ರೇ, ಯಾಕೆ ಬೀಳ್ತೀರಿ?”

ಅವನು ನಕ್ಕ. ನಾನು ಕಲಿತ ವಿದ್ಯೆಯಂತೆ ಸುಮ್ಮನೆ ಕೂತೆ. ಮೊಣಕೈಯ ಮಣ್ಣನ್ನು ಉಗುರಿನಿಂದ ತೆಗೆಯುತ್ತ ಅವನು ಮೊಬೈಲಿನ ಕಡೆ ನೋಡಿದ.

“ಇದು ಆನ್ ಉಂಟಾ?”

“ಉಂಟು. ಆಫ್ ಮಾಡ್ಬೇಕಾ?”

“ಹೆಸರು ಬರುವುದಿಲ್ಲ ಅಲ್ವಾ?”

“ಬರುವುದಿಲ್ಲ.”

“ಹಾಗಾದ್ರೆ ಇರ್ಲಿ.”

ಅವನಿಗೊಬ್ಬ ಅಣ್ಣ ಇದ್ದ. ಗಲ್ಫಿನಲ್ಲಿ ಕಟ್ಟಡಗಳಿಗೆ ಗಾಜು ಕೂರಿಸುವ ಕೆಲಸ. ನಾಲ್ಕು ವರ್ಷಗಳ ಹಿಂದೆ, ಕೆಲಸಕ್ಕೆಂದು ಕಟ್ಟಿದ ಅಟ್ಟಣೆಯಿಂದ ಕಾಲು ಜಾರಿ ಬಿದ್ದ. ಎರಡನೇ ಮಾಳಿಗೆಯ ಎತ್ತರ, ಅಷ್ಟೇ. ಎರಡು ದಿನ ಆಸ್ಪತ್ರೆಯಲ್ಲಿದ್ದ, ಎಚ್ಚರವೂ ಇತ್ತಂತೆ, ಉಮ್ಮ ಉಮ್ಮ ಎಂದು ತಾಯಿಯನ್ನು ಕರೆದು ನರಳುತ್ತಿದ್ದನಂತೆ. ಅಲ್ಲಿಯೇ ಮಣ್ಣು ಮಾಡಿದರು. ಇಲ್ಲಿ ಕುದ್ರೋಳಿಯಲ್ಲಿ ಫೋನು ಎತ್ತಿಕೊಂಡವರು ತಂದೆ. ತಂದೆಯೂ ಇವನೂ ಅಂಗಡಿಯ ಒಳಗೆ ಬಾಗಿಲೆಳೆದುಕೊಂಡು ಅರ್ಧ ಗಂಟೆ ಅತ್ತು, ಮನೆಗೆ ಹೋಗಿ ಉಮ್ಮನಿಗೆ ಹೇಳಿದ್ದು ಬೇರೆ. ಮಲಗಿದಲ್ಲಿಯೇ ಹೋದ, ಹೃದಯ ನಿಂತಿತು, ಬೆಳಗ್ಗೆ ಎಬ್ಬಿಸಲು ಹೋದಾಗಲೇ ಜೊತೆಯವರಿಗೂ ಗೊತ್ತಾದದ್ದು ಎಂದು.

“ಉಮ್ಮನಿಗೆ ಈಗ ಅದೊಂದೇ ಸಮಾಧಾನ ಮೇಡಂ. ಬಳೆ ತೊಡ್ಲಿಕ್ಕೆ ಬಂದವರ ಹತ್ರ ಎಲ್ಲ ಹೇಳ್ತಾರೆ. ನನ್ನ ದೊಡ್ಡವ ನಿದ್ದೆಯಲ್ಲಿ ಹೋದದ್ದು, ಒಂದು ಚೂರು ನೋವು ತಿನ್ಲಿಲ್ಲ, ಅಲ್ಲಾಹು ಅಷ್ಟು ಕರುಣೆ ಮಾಡಿದ ಅಂತ. ನಾನು ಹಿಂದೆ ನಿಂತು ಬಳೆ ಪೆಟ್ಟಿಗೆ ತೆಗೆದು ಕೊಡ್ತಾ ಇರ್ತೇನೆ. ಹೌದಲ್ವಾ ಮಗ ಅಂತ ಕೇಳ್ತಾರೆ. ನಾನು ಹೌದು ಹೇಳ್ಬೇಕು.”

ಅಣ್ಣನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ಊರಿಗೆ ಬಂದಾಗ ಇವನನ್ನು ಕಂಡು ಎಲ್ಲ ಹೇಳಿದ್ದ. ಬೀಳುವಾಗ ಅಣ್ಣ ಎರಡು ಕೈಗಳನ್ನೂ ಮುಂದೆ ಚಾಚಿ, ಮೈಯನ್ನು ಸೆಟೆದುಕೊಂಡು ಬಿದ್ದನಂತೆ. ಆಮೇಲೆ ಒಂದು ದಿನ ಇವನು ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ. ಒಬ್ಬ ಅದೇ ಎತ್ತರದಿಂದ ಹಾರಿ ಉರುಳಿ ಎದ್ದು ನಡೆದುಕೊಂಡು ಹೋದ.

“ಎರಡು ಮಾಳಿಗೆ ಮೇಡಂ. ಗೊತ್ತಿದ್ದವನಾದ್ರೆ ಕಾಲು ಮುರೀತಿತ್ತು, ಇಲ್ಲಾ ಸೊಂಟ. ಮನೆಗೆ ಬರ್ತಿದ್ದ. ಅಣ್ಣನಿಗೆ ಎಲ್ಲ ಹೇಳಿಕೊಟ್ಟಿದ್ರು, ಈಜ್ಲಿಕ್ಕೆ, ಬೈಕ್ ಬಿಡ್ಲಿಕ್ಕೆ, ಅರಬಿ ಮಾತಾಡ್ಲಿಕ್ಕೆ. ಬೀಳ್ಲಿಕ್ಕೆ ಯಾರೂ ಹೇಳಿಕೊಡ್ಲಿಲ್ಲ. ನಾನು ಕಲೀತೇನೆ. ಅವನಿಗೆ ಸಾಕಾಗ್ತಿತ್ತಾ ಅಂತ ನೋಡ್ತೇನೆ. ಪ್ರತಿ ಸಲ ಎದ್ದು ನಿಂತಾಗ, ಸಾಕಾಗ್ತಿತ್ತು ಅನ್ನಿಸ್ತದೆ. ಆಗ ಒಂದು ರೀತಿ ಸಮಾಧಾನವೂ ಆಗ್ತದೆ, ಸಿಟ್ಟೂ ಬರ್ತದೆ. ಅದಕ್ಕೇ ಮತ್ತೆ ಹತ್ತುವುದು.”

ಮೊಬೈಲು ಆಫ್ ಮಾಡಿದ ಮೇಲೆ ನಾನು ಅವನ ಕೈ ಹಿಡಿದುಕೊಂಡೆ. ನನ್ನ ಕಣ್ಣಲ್ಲಿ ನೀರಿತ್ತು, ಸುಳ್ಳಲ್ಲ. ಆದರೆ ಇಲ್ಲಿ ಇನ್ನೊಂದನ್ನೂ ಹೇಳಬೇಕು. ಅದೇ ಹೊತ್ತಿನಲ್ಲಿ ನನ್ನ ತಲೆಯ ಒಂದು ಮೂಲೆ, ಇದು ಸಿಕ್ಕಿತಲ್ಲ, ಇದೇ ನನ್ನ ಪ್ರಬಂಧದ ಜೀವ ಎಂದು ಕುಣಿಯುತ್ತಿತ್ತು. ಆ ಕುಣಿತ ನೆನಪಾದಾಗಲೆಲ್ಲ ನನಗೆ ನನ್ನ ಮೇಲೆ ಹೇಸಿಗೆ ಬರುತ್ತದೆ. ಆ ದಿನದಿಂದ ಅವನು ನನ್ನನ್ನು ಅಕ್ಕ ಎನ್ನತೊಡಗಿದ, ನಾನು ಅವನನ್ನು ನೀನು ಎನ್ನತೊಡಗಿದೆ.

ಪತ್ರಿಕೆಯೊಂದರ ಭಾನುವಾರದ ಪುರವಣಿಯವರು ಲೇಖನ ಕೇಳಿದ್ದು ಅದಾಗಿ ಏಳೆಂಟು ತಿಂಗಳಿಗೆ. ನನ್ನ ಹೆಸರು, ಫೋಟೋ ಬರುತ್ತದೆ ಎಂದು ಗೊತ್ತಾದಾಗ ನಾನು ಎರಡು ದಿನ ಒಳಗೊಳಗೇ ಹಿಗ್ಗಿದೆ. ಕಾರ್ಖಾನೆಗೆ ಹೋಗಿ ಎಲ್ಲರಿಗೂ ಹೇಳಿದೆ. “ಪೇಪರಿಗೆ ಬರೀತಾ ಇದ್ದೇನೆ, ನೀವು ಹೇಳಿದ್ದೆಲ್ಲ ಬರ್ತದೆ, ಹೆಸರು ಮಾತ್ರ ಬರುವುದಿಲ್ಲ.” ಅವನೂ ಅಲ್ಲಿದ್ದ. “ಹೆಸರು ಇಲ್ಲವಲ್ಲ ಅಕ್ಕ, ಬರೀರಿ” ಎಂದ. ನೀನು ಹೇಳಿದ್ದರಲ್ಲಿ ಯಾವುದನ್ನು ಬರೆಯುತ್ತೇನೆ ಎಂದು ನಾನು ಬಿಡಿಸಿ ಹೇಳಲಿಲ್ಲ, ಅವನೂ ಕೇಳಲಿಲ್ಲ. ಬರೆದದ್ದನ್ನು ಒಮ್ಮೆ ಅವನಿಗೆ ಓದಿ ಹೇಳಬೇಕು ಎಂಬ ಯೋಚನೆ ನನಗೆ ಬರಲೇ ಇಲ್ಲ. ಬರಹ ಚೆನ್ನಾಗಿ ಬರುತ್ತಿತ್ತು, ಅದರ ಗುಂಗಿನಲ್ಲಿದ್ದೆ.

ಹೆಸರು ತೆಗೆದೆ. ವಯಸ್ಸು ತೆಗೆದೆ. ಯಾವ ದೇಶ ಎಂಬುದನ್ನೂ ತೆಗೆದೆ. ಆದರೆ ಕುದ್ರೋಳಿ ಇತ್ತು. ಬಳೆ ಅಂಗಡಿ ಇತ್ತು. ಗಿರಾಕಿಯ ಅಂಗೈ ಮಡಚಿ, ಮೂಳೆ ಒತ್ತಿ, ಒಂದೂ ಒಡೆಯದ ಹಾಗೆ ಗಾಜಿನ ಬಳೆ ಏರಿಸುವ ತಾಯಿ ಇದ್ದಳು. ಮಗ ನಿದ್ದೆಯಲ್ಲಿ ಹೋದ ಎಂದು ನಂಬಿದ ಆ ತಾಯಿಯ ಹಿಂದೆ, ಅಣ್ಣ ಕಟ್ಟಡದಿಂದ ಬಿದ್ದದ್ದನ್ನು ನುಂಗಿಕೊಂಡು ನಿಂತ ತಮ್ಮ ಇದ್ದ. ಅವನು ಯಾಕೆ ಬೀಳಲು ಕಲಿಯುತ್ತಾನೆ ಎಂಬುದಿತ್ತು. ಅದನ್ನು ತೆಗೆದರೆ ಲೇಖನದಲ್ಲಿ ಉಳಿಯುವುದು ಏನು? ಎರಡನೇ ಮಾಳಿಗೆ, ಆಸ್ಪತ್ರೆಯ ಎರಡು ದಿನ ಕೂಡ ಇತ್ತು. ಜಾಗ ಸಾಲದೆಂದು ಪುರವಣಿಯವರು ಆ ನಾಲ್ಕು ಸಾಲು ಕತ್ತರಿಸಿದರು. ಕತ್ತರಿಸಿದ್ದಕ್ಕೆ ನಾನು ಫೋನು ಮಾಡಿ ಗೊಣಗಿದೆ.

ಆ ಭಾನುವಾರ ಬೆಳಗ್ಗೆ ಅಭ್ಯಾಸ ನೋಡಲು ಹೋಗಲಿಲ್ಲ. ಪೇಪರು ಕಾಯುತ್ತ ಮನೆಯ ಗೇಟಿನ ಹತ್ತಿರವೇ ನಿಂತಿದ್ದೆ. ಬಂದ ತಕ್ಷಣ ನಿಂತಲ್ಲೇ ಓದಿ, ಅಮ್ಮನ ಕೈಗೆ ಕೊಟ್ಟು, ಕಾಫಿ ಮಾಡಲು ಒಳಗೆ ಹೋದೆ. ಅಮ್ಮ ಓದಿ ಏನನ್ನುತ್ತಾಳೆ ಎಂದು ಕಿವಿ ಹೊರಗೇ ಇತ್ತು. ಕಾಫಿ ತಂದುಕೊಟ್ಟಾಗ ಅವಳು ಪುಟದ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು.

“ಇದು ಆ ಬಳೆ ಅಂಗಡಿಯವರ ಚಿಕ್ಕ ಮಗ ಅಲ್ವಾ? ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ, ನಿನ್ನ ಮದುವೆಗೆ ಬಳೆ ತಂದದ್ದು ಅಲ್ಲಿಂದಲೇ ಅಲ್ವಾ? ಪಾಪ, ದೊಡ್ಡವ ನಿದ್ದೆಯಲ್ಲಿ ಹೋದ ಅಂತ ಆ ಹೆಂಗಸು ನನ್ನ ಹತ್ರ ಎಷ್ಟು ಸಲ ಹೇಳಿದ್ದಾರೆ. ಬಿದ್ದದ್ದಾ ಅದು?”

ಅವಳ ಕೈಯಿಂದ ಪೇಪರು ತೆಗೆದುಕೊಂಡು ಮತ್ತೆ ಮೊದಲಿನಿಂದ ಓದಿದೆ.

ನಮ್ಮೂರಿನಲ್ಲಿ ಹೊಸಬರನ್ನು ಕಂಡರೆ ಯಾರೂ ಮೊದಲು ಹೆಸರು ಕೇಳುವುದಿಲ್ಲ. “ನಿಮಗೆ ಎಲ್ಲಿ ಆಯ್ತು?” ಎಂದು, ಅಂದರೆ ನಿಮ್ಮದು ಯಾವ ಊರು ಎಂದು, ಕೇಳುತ್ತಾರೆ. ಊರು ಹೇಳಿದರೆ ಯಾವ ಕಡೆ, ಆ ಕಡೆ ಅಂದರೆ ಯಾರ ಮನೆ, ಆ ಮನೆ ಅಂದರೆ ಹಾಗಾದರೆ ನೀವು ಇಂಥವರಿಗೆ ಏನಾಗಬೇಕು. ಮೂರು ಪ್ರಶ್ನೆಯಲ್ಲಿ ಅಜ್ಜನವರೆಗೆ ಹೋಗಿ ಮುಟ್ಟುತ್ತಾರೆ. ಹೆಸರು ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಅಪ್ಪನ ಹೋಟೆಲಿನಲ್ಲಿ ಮೂವತ್ತು ವರ್ಷ ಊಟ ಮಾಡಿದವರ ಹೆಸರು ಅಪ್ಪನಿಗೆ ಗೊತ್ತಿರಲಿಲ್ಲ, ಮನೆ ಗೊತ್ತಿತ್ತು. ನಾನು ಈ ಊರಿನಲ್ಲಿಯೇ ಹುಟ್ಟಿದವಳು, ದಿನಕ್ಕೆ ನಾಲ್ಕು ಸಲ ಈ ಪ್ರಶ್ನೆಯನ್ನು ಕೇಳುವವಳು. ಆದರೂ ಹೆಸರೊಂದನ್ನು ತೆಗೆದು, ಮನೆಯನ್ನು ಇಡೀ ಪುಟದಲ್ಲಿ ಬಿಡಿಸಿಟ್ಟು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ಓದು ಹೆಚ್ಚಾದರೆ ಹೀಗೂ ಆಗುತ್ತದೆ.

ಅವನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಹತ್ತು ಸಲ ಮಾಡಿರಬೇಕು. ಕಾರ್ಖಾನೆಗೆ ಓಡಿದೆ. ಅಲ್ಲಿದ್ದವರು, ಮನೆಯಿಂದ ಯಾರೋ ಫೋನು ಮಾಡಿದರು, ಆಗಲೇ ಹೋದ ಎಂದರು. ಅವರಿಗೆ ಏನೂ ಗೊತ್ತಿರಲಿಲ್ಲ. “ಮೇಡಂ, ಆರ್ಟಿಕಲ್ ಭಾರೀ ಲಾಯ್ಕಾಗಿದೆ” ಎಂದು ಬ್ಯಾಂಕಿನವನು ಹೆಬ್ಬೆರಳು ಎತ್ತಿದ. ಬಸ್ಸು ಹತ್ತಿ ಕುದ್ರೋಳಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಂಗಡಿಯ ಬಾಗಿಲು ಮುಚ್ಚಿತ್ತು. ಮನೆ ಅದರ ಹಿಂದಿನ ಓಣಿಯಲ್ಲಿ.

ಗೇಟು ತೆಗೆದವರು ತಂದೆ. ಬಿಳಿ ಬನಿಯನು, ಲುಂಗಿ. ನನ್ನನ್ನು ಫೋಟೋದಿಂದ ಗುರುತಿಸಿರಬೇಕು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅವರು ಧ್ವನಿ ತಗ್ಗಿಸಿ ಹೇಳಿದರು.

“ತೊಕ್ಕೊಟ್ಟಿನಿಂದ ನನ್ನ ಹೆಂಡತಿಯ ತಂಗಿಯ ಮಗಳು ಪೇಪರು ತಂದು ಅವಳಿಗೆ ಓದಿ ಹೇಳಿದಳು. ಪೇಪರಿನವರು ಚಂದಕ್ಕೆ ಸೇರಿಸಿ ಬರೆದದ್ದು, ಅದು ನಮ್ಮ ಮಗನ ಕತೆ ಅಲ್ಲ ಅಂತ ನಾವು ಹೇಳಿದ್ದೇವೆ. ನೀವೂ ಹಾಗೇ ಹೇಳಿ. ನಿಮ್ಮ ಹತ್ರ ನಾನು ಬೇರೆ ಎಂತದೂ ಕೇಳುವುದಿಲ್ಲ.” ಆಮೇಲೆ ಒಳಗೆ ಕೇಳಿಸುವ ಹಾಗೆ, “ಬನ್ನಿ ಮೇಡಂ, ಒಳಗೆ ಬನ್ನಿ, ಬಿಸಿಲು” ಎಂದರು. ಆ ಹೊತ್ತಿನಲ್ಲಿಯೂ ನನಗೆ ಬಿಸಿಲು ತಾಗುವುದು ಅವರಿಗೆ ಕಂಡಿತ್ತು.

ಹಿಂದಿನ ಅಂಗಳದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಉಮ್ಮ ಕೂತಿದ್ದರು. ಮಡಿಲಲ್ಲಿ ಪೇಪರು. ಅವನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಬೆಳಗಿನ ಮಣ್ಣು ಅಂಗಿಯ ಮೇಲೆ ಹಾಗೆಯೇ ಇತ್ತು. ನನ್ನ ಮುಖ ನೋಡಲಿಲ್ಲ. ಉಮ್ಮ ತುಳುವಿನಲ್ಲಿ ಮಾತಾಡಿದರು. ನನಗೆ ನೆನಪಿದ್ದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನೀವಾ ಇದು ಬರೆದದ್ದು?”

“ಹೌದು ಉಮ್ಮ.”

“ಅಂಗಡಿ ನಮ್ಮದಾ?”

ಅಂಗಡಿ ನಿಮ್ಮದಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. “ಅಂಗಡಿ ನಿಮ್ಮದು. ದೊಡ್ಡ ಮಗನ ವಿಷಯ ನಾನೇ ಸೇರಿಸಿದ್ದು. ಓದುವವರಿಗೆ ಮನಸ್ಸಿಗೆ ತಾಗ್ಲಿ ಅಂತ. ನನ್ನದು ತಪ್ಪಾಯ್ತು ಉಮ್ಮ.”

ನಾನು ಸುಳ್ಳುಗಾರ್ತಿ ಎಂದು ನಾನೇ ಒಪ್ಪಿಕೊಂಡ ಹಾಗಾಯಿತು. ಅಷ್ಟಕ್ಕೆ ಮುಗಿದು, ಅವರು ನನಗೆ ಶಾಪ ಹಾಕಿ ಕಳಿಸಿದ್ದರೆ, ನಾನು ಆ ಶಾಪವನ್ನು ಸಂತೋಷದಿಂದ ತಲೆಯ ಮೇಲೆ ಹೊತ್ತುಕೊಂಡು ಬರುತ್ತಿದ್ದೆ. ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

“ಸುಳ್ಳು ಬರೆದವರು ಈ ಬಿಸಿಲಿಗೆ ಕೊಡೆ ಕೂಡ ಇಲ್ಲದೆ ಓಡಿ ಬರ್ತಾರಾ ಮಗಳೇ? ಅವರು ಮನೆಯಲ್ಲಿ ಕೂತು ಊಟ ಮಾಡ್ತಾರೆ.”

ನಾನು ತಲೆ ತಗ್ಗಿಸಿದೆ. ತಂದೆ ಏನೋ ಹೇಳಲು ಬಾಯಿ ತೆರೆದರು. ಉಮ್ಮ ಅವರ ಕಡೆ ತಿರುಗಲೂ ಇಲ್ಲ. ಅಳಲಿಲ್ಲ. ಪೇಪರನ್ನು ಮಡಚಿ ಕುರ್ಚಿಯ ಕೆಳಗೆ ಇಟ್ಟರು. ಆಮೇಲೆ ಮಗನಿಗೆ ಬ್ಯಾರಿ ಭಾಷೆಯಲ್ಲಿ ಹೇಳಿದರು. ಅಕ್ಕಪಕ್ಕದವರಿಂದ ಕೇಳಿ ಕೇಳಿ ಅಷ್ಟು ಬ್ಯಾರಿ ನನಗೆ ಅರ್ಥವಾಗುತ್ತದೆ.

“ನೀನು ಅಲ್ಲಿ ಹೋಗಿ ಎಂತ ಕಲಿಯುವುದು? ತೋರಿಸು.”

“ಬೇಡ ಉಮ್ಮ.”

“ತೋರಿಸು.”

ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲಿಟ್ಟು, ಅಲ್ಲಿಂದ ಕಂಪೌಂಡಿನ ಗೋಡೆಯ ಮೇಲೆ ಹತ್ತಿ ನಿಂತ. ಹಾರಿದ. ಕಾಲು ತಾಗಿದ್ದೇ ಭುಜ ಒಳಗೆಳೆದು ಉರುಳಿ, ನಮ್ಮ ಮುಂದೆ ಎದ್ದು ನಿಂತ. ಎರಡು ವರ್ಷದಲ್ಲಿ ನಾನು ನೋಡಿದ್ದರಲ್ಲೆಲ್ಲ ಚಂದದ ರೋಲ್ ಅದು. ಸದ್ದೇ ಇರಲಿಲ್ಲ.

“ಇನ್ನೊಮ್ಮೆ” ಎಂದರು ಉಮ್ಮ.

ಅವನು ಇನ್ನೊಮ್ಮೆ ಬಿದ್ದ. ಇನ್ನೊಮ್ಮೆ ಎಂದರು. ಮತ್ತೆ ಬಿದ್ದ. ಅವರು ಕುರ್ಚಿಯಲ್ಲಿ ಮುಂದೆ ಬಾಗಿ, ಅವನ ಕಾಲು ಎಲ್ಲಿ ತಾಗುತ್ತದೆ, ತಲೆ ಹೇಗೆ ಒಳಗೆ ಹೋಗುತ್ತದೆ ಎಂದು ಒಂದೊಂದನ್ನೂ ನೋಡುತ್ತಿದ್ದರು. ಎಷ್ಟು ಸಲವಾಯಿತೋ, ಸಿಮೆಂಟಿನ ಇಟ್ಟಿಗೆ ಹಾಸಿದ ನೆಲ ಅವನ ಮೊಣಕೈ ತರಿದು ರಕ್ತ ಬಂತು. ಆಗ ಕೈ ಎತ್ತಿ ಸಾಕು ಎಂದರು. ಅವನು ಏದುಸಿರು ಬಿಡುತ್ತ ನೆಲದಲ್ಲಿಯೇ ಕೂತ.

“ಇದು ಅವನಿಗೆ ಗೊತ್ತಿದ್ದರೆ ಬದುಕ್ತಿದ್ದನಾ?”

ಈ ಪ್ರಶ್ನೆಗೆ ಅವನ ಉತ್ತರ ನನ್ನ ಚೀಲದೊಳಗಿನ ಮೊಬೈಲಿನಲ್ಲಿತ್ತು, ಅವನದೇ ಧ್ವನಿಯಲ್ಲಿ. ಎರಡು ಮಾಳಿಗೆ ಮೇಡಂ, ಗೊತ್ತಿದ್ದವನಾದ್ರೆ ಮನೆಗೆ ಬರ್ತಿದ್ದ. ಆ ಒಂದು ನಂಬಿಕೆಯ ಮೇಲೆ ಅವನು ಅಷ್ಟು ಭಾನುವಾರ ಕಟ್ಟೆ ಹತ್ತಿದ್ದ. ಮೊದಲ ಸಲ ಅವನು ತಲೆ ಎತ್ತಿ ನನ್ನ ಕಡೆ ನೋಡಿದ. ಸಿಟ್ಟಿರಲಿಲ್ಲ. ನೀವು ಬಾಯಿ ತೆರೆಯಬೇಡಿ ಎಂಬುದಷ್ಟೇ ಇತ್ತು.

“ಇಲ್ಲ ಉಮ್ಮ. ಅಣ್ಣ ಬಿದ್ದದ್ದು ಒಂಬತ್ತನೇ ಮಾಳಿಗೆಯಿಂದ. ಇದು ಗೊತ್ತಿದ್ದರೂ ಎಂತದೂ ಆಗ್ತಿರಲಿಲ್ಲ. ಅಷ್ಟು ಮೇಲಿನಿಂದ ಯಾರಿಗೂ ಆಗುವುದಿಲ್ಲ.”

“ಒಂಬತ್ತಾ?”

“ಒಂಬತ್ತು.”

ಉಮ್ಮ ಸ್ವಲ್ಪ ಹೊತ್ತು ಮೇಲೆ ನೋಡಿದರು. ಪಕ್ಕದ ಫ್ಲಾಟಿನ ಮಾಳಿಗೆಗಳನ್ನು ಎಣಿಸುತ್ತಿದ್ದರೋ ಏನೋ.

“ಹಾಗಾದರೆ ನೋವು ಗೊತ್ತಾಗಿರಲಿಕ್ಕಿಲ್ಲ.”

“ಗೊತ್ತಾಗಿರಲಿಕ್ಕಿಲ್ಲ ಉಮ್ಮ. ಕೂಡಲೇ ಹೋದ.”

ತಂದೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಆಗ ಉಮ್ಮ ಅಳಲು ಶುರು ಮಾಡಿದರು. ಅವನು ನೆಲದಲ್ಲಿ ತೆವಳಿಕೊಂಡು ಹೋಗಿ ಅವರ ಕಾಲಿನ ಹತ್ತಿರ ಕೂತ. ಅವರು ಅವನ ತಲೆ ಹಿಡಿದುಕೊಂಡು, ದೊಡ್ಡವನ ಹೆಸರು ಕರೆದು ಅತ್ತರು. ನಾನು ಅಲ್ಲಿ ಯಾಕೆ ನಿಂತಿದ್ದೇನೆಂದು ನನಗೇ ತಿಳಿಯಲಿಲ್ಲ. ಯಾರಿಗೂ ಹೇಳದೆ ಗೇಟು ಎಳೆದುಕೊಂಡು ಬಂದೆ.

ಪ್ರಬಂಧದಿಂದ ಒಂಬತ್ತನೆಯವನನ್ನು ಪೂರ್ತಿ ತೆಗೆದೆ. ಅಧ್ಯಾಯ ಸಪ್ಪೆಯಾಗಿದೆಯಲ್ಲ ಎಂದು ಮಾರ್ಗದರ್ಶಕರು ಕೇಳಿದರು, ಹೌದು ಸರ್ ಎಂದೆ. ರೆಕಾರ್ಡನ್ನೂ ಅಳಿಸಿದೆ. ಈಗ ಇದನ್ನು ಬರೆಯುತ್ತಿರುವುದು ಅವನು ಬರೀರಿ ಎಂದದ್ದಕ್ಕೆ. ಇದರಲ್ಲಿ ಜಾಗ, ಅಂಗಡಿ, ಓಣಿ, ಕೆಲಸ ಎಲ್ಲವನ್ನೂ ಬದಲಿಸಿದ್ದೇನೆ. ಮೊದಲಿನಿಂದ ಕೊನೆಯವರೆಗೆ ಅವನಿಗೆ ಓದಿ ಹೇಳಿದ್ದೇನೆ. ಕೇಳಿ ಮುಗಿದ ಮೇಲೆ, ಇದನ್ನು ನೋಡಿ ಯಾರಿಗೂ ನಮಗೆ ಎಲ್ಲಿ ಆಯ್ತು ಅಂತ ಗೊತ್ತಾಗ್ಲಿಕ್ಕಿಲ್ಲ ಅಕ್ಕ ಎಂದ. ಉಮ್ಮ ಹೇಗಿದ್ದಾರೆ ಎಂದು ಕೇಳಿದೆ. ಈಗ ಯಾರ ಹತ್ರವೂ ಅಣ್ಣನ ವಿಷಯ ತೆಗೆಯುವುದಿಲ್ಲ, ಸುಮ್ಮನೆ ಕೆಲಸ ಮಾಡ್ತಾರೆ ಎಂದ. ಎರಡೋ ಒಂಬತ್ತೋ, ನಿಜ ಯಾವುದು ಎಂದು ನಾನು ಕೇಳಲಿಲ್ಲ. ಇನ್ನು ಯಾರನ್ನೂ ಹಾಗೆಲ್ಲ ಕೇಳುವುದಿಲ್ಲ.

ಕಾರ್ಖಾನೆಯಲ್ಲಿ ಉಳಿದವರು ಈಗಲೂ ಹಾರುತ್ತಾರೆ. ಅವನು ಆ ಭಾನುವಾರದ ನಂತರ ಬರಲಿಲ್ಲ. ಒಮ್ಮೆ ಬಂದಿದ್ದನಂತೆ, ಕಟ್ಟೆ ಹತ್ತಿ ತುಂಬ ಹೊತ್ತು ನಿಂತು, ಮೆಟ್ಟಿಲಿನಲ್ಲಿ ಇಳಿದು ಹೋದನಂತೆ ಎಂದು ನರ್ಸಿಂಗ್ ಹುಡುಗಿ ಹೇಳಿದಳು. ಹುಷಾರಿಲ್ವಾ ಅವನಿಗೆ ಮೇಡಂ ಎಂದು ಕೇಳಿದಳು. ಹುಷಾರಿದ್ದಾನೆ ಎಂದೆ. ಇದು ಅಣ್ಣನಿಗೆ ಸಾಕಾಗುತ್ತಿರಲಿಲ್ಲ ಎಂದು ಉಮ್ಮನ ಕಣ್ಣೆದುರು ಹೇಳಿಬಿಟ್ಟವನು ಮತ್ತೆ ಯಾವ ಕಾರಣಕ್ಕೆ ಬೀಳಬೇಕು?